ಇಗರ್ಜಿಯ ಶಿಖರ

ವರ್ತಕ ನಗರ, ಠಾಣೆ
12 ಜನವರಿ 2025

ಪ್ರೀತಿಯ ತೃಷಾ,

ಡೊಂಬಿವಲಿಯಲ್ಲಿ ನೀನೂ ಅಳಿಯ ಸಂದೇಶನೂ ಸುಖವಾಗಿದ್ದೀರಿ ಅಂದುಕೊಂಡಿದ್ದೇನೆ. ದೀಪಾವಳಿಗೇ ಬರೆಯಬೇಕಿತ್ತು, ಬೈಬೇಡ ಮಗಾ. ಫೋನಿನಲ್ಲಿ ನಿನ್ನ ಸ್ವರ ಕೇಳಿದರೆ ನನಗೆ ಅಳು ಬರುತ್ತದೆ, ಒಳಗೆ ಮಲಗಿದ ಅಪ್ಪನಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಈ ಕಾಗದ.

ಅಪ್ಪನ ಕಾಲು ಇನ್ನೂ ನೆಲಕ್ಕೆ ಊರುವುದಿಲ್ಲ. ಸಕ್ಕರೆ ಕಾಯಿಲೆ ಕಣ್ಣನ್ನೂ ಮಂಜು ಮಾಡಿದೆ. ನಾಲಿಗೆ ಮಾತ್ರ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದಾಗಿನಷ್ಟೇ ಚುರುಕು. ನನ್ನ ಸಾರಿಗೆ ದಿನಾ ಒಂದು ಕೊಂಕು. ನೀನು ಜಾತಿಯ ಹೊರಗೆ ಮದುವೆಯಾದಂದಿನಿಂದ ನಿನ್ನ ಹೆಸರೊಂದು ಆ ನಾಲಿಗೆಗೆ ಬಂದಿಲ್ಲ.

ಅವರ ಮಂಚವನ್ನು ಕಿಟಕಿಯ ಬಳಿ ಹಾಕಿಸಿದ್ದೇನೆ. ಎದುರಿಗೆ, ರಸ್ತೆಯಾಚೆ, ಕ್ರೈಸ್ತರ ಇಗರ್ಜಿ. ನಿನಗೆ ನೆನಪುಂಟಲ್ಲ, ಐವತ್ತರ ದಶಕದ ಸಾದಾ ಕಟ್ಟಡ: ಸುಣ್ಣದ ಗೋಡೆ, ನಮ್ಮೂರಿನ ಮಂಗಳೂರು ಹೆಂಚು, ಸಿಮೆಂಟಿನ ಜಾಲಂದ್ರ. ಗೋಪುರ ಬುಡದಲ್ಲಿ ಚೌಕ. ಮೇಲೆ ಹೋದಂತೆ ಎಂಟು ಮೂಲೆಯಾಗಿ, ಸಪುರವಾಗಿ, ಮೊನೆಯಾಗುತ್ತದೆ. ಬೆಳಗಿನ ಬಿಸಿಲಿಗೆ ಅದು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತದೆ. ಸಂಜೆ ಅದರ ನೆರಳು ರಸ್ತೆ ದಾಟಿ, ನಮ್ಮ ಕಂಪೌಂಡ್ ಹತ್ತಿ, ಮೆಲ್ಲನೆ ಒಳಗೆ ಬಂದು ಅಪ್ಪನ ಹೊದಿಕೆಯ ಮೇಲೆ ಮಲಗುತ್ತದೆ. ಆಗ ಇಡೀ ಮನೆ ನಿದ್ದೆಯಲ್ಲಿ ತೇಲಿದಂತಿರುತ್ತದೆ. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ನಾನೂ ಮರೆಯುತ್ತೇನೆ.

ಒಂದು ತಮಾಷೆ ಕೇಳು. ದಿನಾ ಬೆಳಿಗ್ಗೆ ಅಪ್ಪ ಆ ಮೊನೆಗೆ ಕೈ ಮುಗಿಯುತ್ತಾರೆ! ದೇವಸ್ಥಾನದ ಒಳಗೆ ಹೋಗಲಾಗದವರು ಹೊರಗಿನಿಂದ ಶಿಖರ ನೋಡಿದರೂ ಸಾಕು ಎನ್ನುವುದು ನಮ್ಮವರ ರೂಢಿಯಲ್ಲವೇ? ಮಂಜುಗಣ್ಣಿಗೆ ಇಗರ್ಜಿಯೇ ದೇವಸ್ಥಾನವಾಗಿದೆ ಅಂದುಕೊಂಡು ನಾನು ತುಟಿ ಬಿಚ್ಚಲಿಲ್ಲ. ಈಗ ಫಜೀತಿ. ಗೋಪುರದೊಳಗಿನ ಕಬ್ಬಿಣ ತುಕ್ಕು ಹಿಡಿದಿದೆಯಂತೆ, ತಿಂಗಳ ಕೊನೆಗೆ ಮೊನೆ ಇಳಿಸುತ್ತಾರಂತೆ. ನಮ್ಮ ವಾಚ್‌ಮನ್ ಹೇಳಿದ. ಕೈ ಮುಗಿಯಲು ಎದುರಿಗೆ ಏನೂ ಇಲ್ಲದ ಬೆಳಿಗ್ಗೆ ಇವರಿಗೆ ಏನೆಂದು ಹೇಳಲಿ?

ಇಬ್ಬರಿಗೂ ಒಳ್ಳೆಯದಾಗಲಿ. ಲೋಕಲ್ ಟ್ರೈನ್ ಹಿಡಿಯುವ ಅವಸರದಲ್ಲಿ ಉಪವಾಸ ಹೋಗಬೇಡ.

ನಿನ್ನ ಅಮ್ಮ,
ಅಕ್ಕು

ಮತ್ತೆ: ಕಾಗದ ಮಡಚುವ ಮೊದಲು ಧೈರ್ಯ ಮಾಡಿ ಅಪ್ಪನಿಗೆ ಹೇಳಿದೆ, ಅದು ದೇವಸ್ಥಾನವಲ್ಲ, ಇಗರ್ಜಿ, ಮೊನೆ ಇಳಿಸುತ್ತಾರೆ ಅಂತ. ಕಿಟಕಿಯತ್ತ ಮುಖ ತಿರುಗಿಸಿದರು. ಆಮೇಲೆ ಹೇಳಿದರು: "ಇಗರ್ಜಿ ಅಂತ ನನಗೆ ಗೊತ್ತುಂಟು ಮಾರಾಯ್ತಿ. ತೃಷಾಳ ಮದುವೆ ಆದದ್ದು ಅಲ್ಲೇ ಅಲ್ವಾ? ಆ ದಿನ ಗೇಟಿನವರೆಗೆ ಹೋಗಿ ವಾಪಸ್ ಬಂದೆ. ಒಳಗೆ ಹೋಗ್ಲಿಕ್ಕೆ ಆಗದವನು ಶಿಖರವನ್ನಾದ್ರೂ ನೋಡ್ಬೇಕಲ್ಲ."

ನಿನ್ನ ಹೆಸರು ಹಿಡಿದೇ ಹೇಳಿದರು ಮಗಾ. ಮೊನೆ ಇಳಿಯುವ ಮೊದಲು ಒಮ್ಮೆ ಬಾ.