ಕೆಂಪು ಹತ್ತಿದ ಪೆನ್ನು

ಪುಟ್ಟೀ,

ಅಪ್ಪನ ಹಳೇ ಕಂಪ್ಯೂಟರ್ ಮುಟ್ಟಬೇಡ. ಇನ್ನು ಮುಟ್ಟಿದರೂ ಒಂದೇ, ಬಿಟ್ಟರೂ ಒಂದೇ.

ಅದರ ದೋಷ ಹುಡುಕೋಕೆ ಖಾಲಿ ಪೆನ್ನಿನೊಳಗೆ ಎರಡು ದೀಪ ಕೂರಿಸಿದ್ದೆನಲ್ಲ, ಕರೆಂಟಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು ಅಂತ. ಇವತ್ತು ಬೆಳಿಗ್ಗೆ ಹೊಸ ಸೆಲ್ಲಿಗೆ ತಾಗಿಸಿದೆ. ಕೆಂಪು ಹತ್ತಿತು. ದೀಪಗಳನ್ನ ನಾನೇ ತಿರುಗಾಮುರುಗಾ ಬೆಸೆದಿದ್ದೆ.

ಅಂದರೆ ಕೆಂಪು ನೋಡಿ ಸತ್ತಿದೆ ಅಂತ ನಿನ್ನೆ ನಾನು ಕಿತ್ತ ಚಿಪ್ ಬದುಕಿತ್ತು. ತೀರಿಹೋಗೋ ಮುಂಚೆ ಅಪ್ಪ ಅಮ್ಮನಿಗೆ ಬರೆದಿಟ್ಟ ಪತ್ರ ಅದರಲ್ಲೇ ಇತ್ತು. ಕಿತ್ತ ಕೂಡಲೇ ಕರೆಂಟು ತಪ್ಪಿ ಅಳಿಸಿಹೋಯಿತು.

"ಮೊದ್ಲು ಸೆಲ್ಲಿಗೆ ಹಿಡಿದು ನೋಡಣ್ಣಾ" ಅಂತ ನೀನು ಬಾಯಿ ಬಡಕೊಂಡೆ. ನಾನು ಕೇಳಲಿಲ್ಲ.

ಅಮ್ಮನ ಮಾತ್ರೆ ಕಿಟಕಿ ಹತ್ತಿರ ಇದೆ. ಎದ್ದ ಕೂಡಲೇ ಆ ಪತ್ರಕ್ಕೆ ಕಾಯುತ್ತಾ ಕಂಪ್ಯೂಟರ್ ಪರದೆ ಮುಂದಿನ ಕುರ್ಚಿಯಲ್ಲಿ ಹೋಗಿ ಕೂರುತ್ತಾಳೆ, ಗೊತ್ತಲ್ಲ. ಅಷ್ಟರೊಳಗೆ ಆ ಕುರ್ಚಿ ತೆಗೆದಿಡು.

ನನ್ನ ಕೈಲಿ ಆಗಲಿಲ್ಲ.

ಅಣ್ಣ