ಮಾಗಿ ಏರಿಸಿದ ಬಿಪಿ

ಮಿರ್ಲೆ
17 ಜನವರಿ 2004, ಶನಿವಾರ

ಪ್ರೀತಿಯ ಗೆಳೆಯ ಲಿಂಗರಾಜು,

ನಮಸ್ಕಾರ ಕಣ್ಲಾ. ಎಂಟು ದಿನ ತಡ ಮಾಡಿ ಬರೀತಿದ್ದೀನಿ, ಬರೆಯೋಕೆ ಮುಖ ಇರಲಿಲ್ಲ. ಇವತ್ತು ಸುದ್ದಿ ಇದೆ. ಖುಷಿಗೆ ಅಕ್ಷರ ಸೊಟ್ಟ ಬೀಳ್ತಿವೆ.

ನೀನು ನೀರು ಕದ್ದಿಲ್ಲ! ಸಾಬೀತಾಯ್ತು!

ಒಂಬತ್ತನೇ ತಾರೀಕು ಡಯಾಲಿಸಿಸ್ ವಾರ್ಡಿನಲ್ಲಿ ನಿನ್ನ ಬಿಪಿ ನೂರೆಂಬತ್ತು ತೋರಿಸಿದ್ದೇ ತಡ, ಸಿಸ್ಟರ್ ಸೌಂದರ್ಯ ಎಲ್ಲರ ಮುಂದೆ ಕೂಗಿದರಲ್ಲ: "ದಿನಕ್ಕೆ ಮೂರು ಲೋಟ ಅಂದ್ರೆ ಮೂರೇ. ಕದ್ದು ಕುಡಿದು ಇಲ್ಲಿ ಬಂದು ನಾಟಕ ಆಡ್ತೀರಾ?" ಊರ ಬಾವೀಲಿ ನಾವೂ ನೀರು ಸೇದ್ತೀವಿ ಅಂತ ಹೋಗಿ ತಲೆ ಒಡೆಸಿಕೊಂಡವನು ನೀನು. ನಿನ್ನನ್ನ ನೀರುಗಳ್ಳ ಅನ್ನೋದಾ? "ಇನ್ನು ಈ ಮಿಷನ್ನಿಗೆ ಕೈ ಕೊಡಾಕಿಲ್ಲ" ಅಂತ ಎದ್ದು ಹೋದೆ. ಎರಡು ಸರದಿ ತಪ್ಪಿಸಿದೆ. ಇನ್ನೊಂದು ತಪ್ಪಿದರೆ ಉಳಿಯಲ್ಲ ಅಂತ ನಿನಗೂ ಗೊತ್ತು.

ನಾನು ಸುಮ್ಮನೆ ಕೂರಲಿಲ್ಲ. ಹೋರಾಟದ ದಿನಗಳಲ್ಲಿ ಸಹಿ ಸಂಗ್ರಹ ಮಾಡಿದ ಹಳೇ ಚಾಳಿ. ಮಂಗಳವಾರ ನನ್ನ ಡಯಾಲಿಸಿಸ್ ಸರದಿ ಮುಗಿದ ಮೇಲೆ, ವಾರ್ಡಿಗೆ ಬಂದ ಹುಣಸೂರು, ಕೆ.ಆರ್. ನಗರದವರ ಬಿಪಿ, ತೂಕ ಬರೆಯೋ ಪುಸ್ತಕಗಳನ್ನೆಲ್ಲ ಈಸ್ಕೊಂಡೆ. ಒಂಬತ್ತು ಜನ. ಏಪ್ರಿಲ್ ಬಿಪಿ ಒಂದು ಕಡೆ, ಈ ಮಾಗಿಯದು ಇನ್ನೊಂದು ಕಡೆ ಬರೆದೆ. ಎಂಟು ಜನಕ್ಕೆ ಏರಿದೆ ಕಣ್ಲಾ! ಹುಣಸೂರಿನ ಗುರುಶಾಂತಮ್ಮ, "ಅಯ್ಯೋ, ಉಪ್ಪಿನಕಾಯಿ ನೆಕ್ಕಿದ್ಕೇ ಏರ್ತು ಅಂತ ದ್ಯಾವ್ರಿಗೆ ತಪ್ಪುಕಾಣ್ಕೆ ಕಟ್ಟಿದ್ನಲ್ಲಪ್ಪ, ವಾಪಸ್ ಕೊಟ್ಟಾನಾ?" ಅಂತ ನಕ್ಕಿದ್ದೇ ನಕ್ಕಿದ್ದು.

ನಿನ್ನೆ ಡಾಕ್ಟರ್ ಬೃಂದಾ ಮುಂದೆ ಆ ಹಾಳೆ ಹರಡಿದೆ. ನೀನು ಬಿಸಾಕಿ ಹೋದ ಪುಸ್ತಕ ತೆಗೆದು ತೂಕ ನೋಡಿದರು. "ನೀರು ಜಾಸ್ತಿ ಕುಡಿದಿದ್ರೆ ತೂಕ ಏರಬೇಕಿತ್ತು. ಏರಿಲ್ಲ" ಅಂದರು. ಚಳಿಗೆ ರಕ್ತನಾಳ ಬಿಗಿಯುತ್ತಂತೆ, ಬೆವರೂ ಹೋಗಲ್ಲ. ಬಿಸಿಲು ಕಮ್ಮಿಯಾಗಿ ಮೈಯಲ್ಲಿ ವಿಟಮಿನ್ ಡಿ ಇಳಿಯೋದೂ ಒಂದು ಕಾರಣ ಇರಬಹುದು, ಅದನ್ನ ಇನ್ನೂ ಹುಡುಕ್ತಿದ್ದಾರೆ ಅಂದರು. ನಾನು ಬಿಡ್ತೀನಾ? "ಮಾಗಿ ಮಾಡಿದ ತಪ್ಪಿಗೆ ಮನುಷ್ಯನ್ನ ಯಾಕ್ರೀ ಕಳ್ಳ ಅಂತೀರಾ?" ಅಂದೆ. ವಾರ್ಡೇ ತಿರುಗಿ ನೋಡ್ತು. ಸಿಸ್ಟರ್ ಮುಖ ಸಣ್ಣದು ಮಾಡಿಕೊಂಡು, "ಅವರು ಬರಲಿ, ತಪ್ಪಾಯ್ತು ಅಂತ ನಾನೇ ಕೇಳ್ಕೋತೀನಿ" ಅಂದರು.

ಮಂಗಳವಾರದವರೆಗೆ ಕಾಯಬೇಡ. ಶನಿವಾರವೇ ಕರಕೊಂಡು ಬನ್ನಿ, ಹಾಸಿಗೆ ಇಟ್ಟಿರ್ತೀನಿ ಅಂದಿದ್ದಾರೆ ಡಾಕ್ಟರು. ನನ್ನ ಮಗಳು ಅನು ಈ ಕಾಗದ ಹಿಡಿದು ಪಿರಿಯಾಪಟ್ಟಣಕ್ಕೆ ಜೀಪಿನಲ್ಲೇ ಬರ್ತಾಳೆ. ಹಟ ಬುಟ್ಟು ಹತ್ತು. ರಾಚಮ್ಮ ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ನೀನು ನೂರು ಮಾಗಿ ಕಾಣು.

ನಿನ್ನ
ಚೆಲುವಯ್ಯ

ಮರೆತದ್ದಲ್ಲ, ಹೆದರಿ ಬಿಟ್ಟದ್ದು: ಅವತ್ತು "ಲಿಂಗರಾಜು ನಲ್ಲಿ ಹತ್ರ ಇದ್ದ" ಅಂತ ಸಿಸ್ಟರ್ ಕಿವಿಗೆ ಹಾಕಿದ್ದು ನಾನು. ನೀನು ಮುಖ ತೊಳೀತಿದ್ದೆ, ಕುಡೀಲಿಲ್ಲ. ಕಣ್ಣಾರೆ ನೋಡಿದ್ದೆ. ಕದ್ದು ಕುಡಿದವನು ನಾನು, ಎರಡು ಲೋಟ. ತೂಕ ನನ್ನದು ಏರಿತ್ತು. ಬೈಗುಳ ನನ್ನ ಕಡೆ ಬರ್ತಿತ್ತು, ನಿನ್ನ ಕಡೆ ತಿರುಗಿಸಿದೆ. ನಿನ್ನೆ ಅಷ್ಟು ಕೂಗಾಡಿದೆನಲ್ಲ, ಆಗಲೂ ಇದನ್ನ ನುಂಗಿದೆ. ನನ್ನ ಮುಖಕ್ಕೆ ಉಗಿಯೋಕಾದ್ರೂ ಬದುಕಿ ಬಾ ಕಣ್ಲಾ.