ಮನೆಯಲ್ಲಿಯೇ ಇದ್ದಳು ಎಂಬ ವಾಕ್ಯ

ಬಿಳೂರ, ತಾ. ಜತ್ತ
ಶುಕ್ರವಾರ, ೧೩ ಜೂನ್ ೨೦೨೫

ಪ್ರೀತಿಯ ನಂದಾ,

ಅಪ್ಪನ ಆಶೀರ್ವಾದಗಳು. ನಿನ್ನ ಗಂಟಲು ಹೇಗಿದೆ? ಫೋನಿನಲ್ಲಿ ನಿನ್ನ ಧ್ವನಿ ಒಡೆದಂತೆ ಕೇಳಿಸಿತೆಂದು ನಿಮ್ಮವ್ವ ಜ್ಯೇಷ್ಠಮಧುವಿನ ಪುಡಿಯನ್ನು ಕಟ್ಟಿಟ್ಟುಕೊಂಡು, ಇಳಕಲ್ಲಿಗೆ ಹೋಗುವವರು ಯಾರಾದರೂ ಇದ್ದಾರೆಯೇ ಎಂದು ಓಣಿಯಲ್ಲೆಲ್ಲ ಕೇಳುತ್ತಿದ್ದಾಳೆ. ನಿನ್ನನ್ನು ತನ್ನ ಮನೆಯಲ್ಲಿ ಇರಿಸಿಕೊಂಡಿರುವ ಉಮಾಶ್ರೀಗೂ ನನ್ನ ಆಶೀರ್ವಾದ ತಿಳಿಸು. ನಾಟಕ ಕಂಪನಿ ನಿಂತ ಮೇಲೆ ಜೊತೆಯ ಕಲಾವಿದೆಗೆ ಒಂದು ಕೋಣೆ ಬಿಟ್ಟುಕೊಡುವವರು ಎಷ್ಟು ಜನ ಸಿಕ್ಕಾರು? ನನ್ನ ಮೊಣಕಾಲು ಇದ್ದಂತೆಯೇ ಇದೆ. ಊರಲ್ಲಿ ಒಂದು ಹದ ಮಳೆಯಾಗಿದೆ. ಕುಶಲವಿಷ್ಟೇ. ಮುಂದಿನ ವಿಷಯವನ್ನು ಫೋನಿನಲ್ಲಿಯೇ ಹೇಳಬಹುದಿತ್ತು. ಆದರೆ ಸಿಟ್ಟು ಬಂದಾಗ ನನ್ನ ಮಾತು ಅರ್ಧಕ್ಕೇ ತುಂಡಾಗುತ್ತದೆ, ಬರೆಯುವಾಗ ಹಾಗಾಗುವುದಿಲ್ಲ.

ನೀನು ಹೇಳಿದ ಆ ಸಂದರ್ಶನವನ್ನು ನೆನೆದಾಗಲೆಲ್ಲ ನನಗೆ ಹೇಸಿಗೆಯಾಗುತ್ತದೆ. ಸೋಲಾಪುರದ ಕಡೆಯ ಆ ವಸತಿ ಶಾಲೆಯವರಿಗೆ ಬೇಕಾಗಿದ್ದದ್ದು ಮಕ್ಕಳಿಗೆ ನಾಟಕ ಕಲಿಸುವ ಶಿಕ್ಷಕಿ. ಜಾಹೀರಾತಿನಲ್ಲಿ ಹಾಗೆಂದೇ ಅಚ್ಚಾಗಿತ್ತು. ನಾನೇ ಎರಡು ಸಲ ಓದಿದ್ದೆ. ಬಿ.ಎಡ್. ಮುಗಿಸಿ, ಆರು ವರ್ಷ ಕಂಪನಿಯ ರಂಗದ ಮೇಲೆ ನಿಂತವಳು ಎದುರಿಗೆ ಬಂದು ಕುಳಿತರೆ, ಆ ಸಮಿತಿಯ ಹಿರಿಯರು ಕೇಳಿದ್ದು, “ಎರಡ್ ಸಾವಿರದ ಹದಿನೆಂಟರಿಂದ ಇಪ್ಪತ್ನಾಕರ ತನಕಾ ಏನ್ ಮಾಡೀರಿ?” ಎಂದು. ನಾಟಕ ಮಾಡೀನ್ರಿ ಎಂದೆಯಂತೆ. “ನಾಟಕ ಇರ್ಲಿ ಬಿಡ್ರಿ, ಕೆಲಸ ಏನ್ ಮಾಡೀರಿ?” ಎಂದರಂತೆ, ಪಕ್ಕದವರು ನಕ್ಕರಂತೆ. ಮೂವತ್ತಾರು ವರ್ಷ ನಾನೂ ಶಾಲೆಯ ಉಪ್ಪು ತಿಂದವನು. ಅಂಥ ಪ್ರಶ್ನೆಯನ್ನು ನಾಲ್ಕನೆಯ ಇಯತ್ತೆಯ ಹುಡುಗ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಕಂಪನಿಯ ಮಾಲೀಕರು ನೇಮಕದ ಪತ್ರವನ್ನಾಗಲಿ ಅನುಭವದ ಪತ್ರವನ್ನಾಗಲಿ ಯಾರಿಗೂ ಕೊಟ್ಟವರಲ್ಲ. ಆದ್ದರಿಂದ ಆರು ವರ್ಷಗಳು ಖಾಲಿ ಎಂದು ತೀರ್ಮಾನವಾಯಿತು. ಖಾಲಿಯನ್ನು ತುಂಬಲು ಒಂದು ಗ್ಯಾಪ್ ಸರ್ಟಿಫಿಕೇಟು: “ಮನ್ಯಾಗ ಇದ್ದೆ ಅಂತ ತಹಸೀಲದಾಗ ಒಂದ್ ಕಾಗದಾ ಮಾಡಿಸ್ಕೊಂಡ್ ಬರ್ರಿ, ಆರ್ಡರ್ ಕೊಡ್ತೀವಿ.” ಅಂದರೆ ನಿಜ ಹೇಳಿದರೆ ನೌಕರಿಯಿಲ್ಲ, ಸುಳ್ಳಿಗೆ ಮುದ್ರೆ ಹಾಕಿಸಿಕೊಂಡು ಬಂದರೆ ಉಂಟು. ಇದು ಮಕ್ಕಳಿಗೆ ವಿದ್ಯೆ ಕೊಡುವವರ ವ್ಯವಹಾರ!

ಆ ಕಾಗದವನ್ನು ಸಿದ್ಧಮಾಡಿಸಿ, ನಿನ್ನನ್ನು ಗುರುತಿಸುವವನಾಗಿ ನಾನು ಸಹಿ ಮಾಡಬೇಕೆಂದು ನೀನು ಕೇಳಿದೆ. ಬುಧವಾರ ಜತ್ತಿಗೆ ಹೋದೆ. ತಹಸೀಲ ಕಚೇರಿಯ ಗೋಡೆ ಆಳೆತ್ತರದವರೆಗೆ ಗುಟಕಾದ ಉಗುಳಿನಿಂದ ಕೆಂಪಾಗಿದೆ. ಅದಕ್ಕೆ ಆತುಕೊಂಡು ತಗಡಿನ ಪತ್ರಾ ಹೊದಿಸಿದ ಅಂಗಡಿ, ಅದರೊಳಗೆ ಟೈಪಿಸ್ಟ ಪಂಡಿತ. ನನ್ನ ವಿದ್ಯಾರ್ಥಿ. ಶುದ್ಧಲೇಖನದಲ್ಲಿ ಎಂದೂ ಪಾಸಾಗದವನ ಕೈಯಲ್ಲಿ ಈಗ ಇಡೀ ತಾಲೂಕಿನ ಪ್ರತಿಜ್ಞಾಪತ್ರಗಳಿವೆ. “ಬರ್ರಿ ಸರ್, ಕುಂದ್ರಿ” ಎಂದು ಸ್ಟೂಲು ಒರೆಸಿ ಕೊಟ್ಟ. ಆ ಮರ್ಯಾದೆಗೆ ಕೊರತೆಯಿಲ್ಲ. ನಿನ್ನ ಹೆಸರು, ಇಸವಿ ಕೇಳಿ, ನಾನು ಕನ್ನಡಕ ಹಾಕಿಕೊಳ್ಳುವುದರೊಳಗೆ ಕಾಗದ ತೆಗೆದು ಮುಂದಿಟ್ಟ. ಮರಾಠಿಯಲ್ಲಿತ್ತು. ತಾತ್ಪರ್ಯವಿಷ್ಟು: ಸದರಿ ಅವಧಿಯಲ್ಲಿ ಅರ್ಜಿದಾರಳು ಮನೆಯಲ್ಲಿಯೇ ಇದ್ದಳು, ತಂದೆ ತಾಯಿಯ ಆಶ್ರಯದಲ್ಲಿದ್ದಳು, ಯಾವ ಉದ್ಯೋಗವನ್ನೂ ಮಾಡಿರುವುದಿಲ್ಲ. ಒಂದೇ ವಾಕ್ಯದಲ್ಲಿ ಮೂರು ಸುಳ್ಳು. ನಾಟಕದ ಕಂಪನಿಯಲ್ಲಿದ್ದಳು ಎಂದು ತಿದ್ದು ಎಂದೆ. “ಅದನ್ಯಾಕ ಬರಸ್ತೀರಿ ಸರ್? ಹೆಣ್ಮಗಳ ಕಾಗದಾ ಐತಿ. ಮನ್ಯಾಗಿದ್ಲು ಅಂದ್ರ ಸಾಹೇಬ್ರು ಕಣ್ಣೆತ್ತಿ ನೋಡದ ಸಹಿ ಹೊಡೀತಾರ” ಎಂದು ನಕ್ಕ. ಇಂಥ ಹೊಲಸು ವಾಕ್ಯವನ್ನು ಬರೆಯಲು ನಿನಗೆ ಕಲಿಸಿದವನು ಯಾರು ಎಂದು ಗದರಿದೆ. ಅವನು ನಗು ನಿಲ್ಲಿಸಿ, “ಆ ಮಾತ ನಂದಲ್ರಿ ಸರ್” ಎಂದ. ಎದ್ದು ಬಂದುಬಿಟ್ಟೆ.

ಮನೆಗೆ ಬಂದರೆ ನಿನ್ನ ಸೋದರಮಾವ ಧರೆಪ್ಪ ಕಟ್ಟೆಯ ಮೇಲೆ ಚಹ ಕುಡಿಯುತ್ತಿದ್ದ. ವಿಷಯ ಕೇಳಿ, “ನಾಟಕದಾಕಿ ಅಂತ ಸರಕಾರಿ ಕಾಗದದಾಗ ಬರಸ್ಕೊಳ್ಳೂದು ಚಲೋ ಏನ್ರಿ ಮಾವಾ? ಸಹಿ ಮಾಡ್ರಿ ಲಗೂನ, ಹುಡುಗಿ ಹಾದಿಗೆ ಹತ್ತಲಿ” ಎಂದ. ಆ ಪದವನ್ನು ಅವನು ಉಚ್ಚರಿಸಿದ ರೀತಿ, ಬಾಯಿಗೆ ಸಿಕ್ಕ ಹುಳವನ್ನು ಉಗುಳಿದ ಹಾಗಿತ್ತು. ನಾನು ಸಾಕ್ಷ್ಯವಿಲ್ಲದೆ ಏನನ್ನೂ ಬರೆಯಿಸುವವನಲ್ಲ, ಆರು ವರ್ಷಕ್ಕೆ ಪುರಾವೆ ಎಲ್ಲಿಂದ ತರಲಿ ಎಂದು ನಾನು ಗೊಣಗುತ್ತಿದ್ದಾಗ ನಿಮ್ಮವ್ವ ಒಳಗಿನಿಂದಲೇ, “ಪುರಾವೇ ಬೇಕೇನ್ರಿ? ಡಬ್ಬಿ ಇಳಸ್ರಿ” ಎಂದಳು. ಅಡಿಗೆಮನೆಯ ಹಲಗೆಗಳ ಮೇಲೆ, ಬೇಳೆಯ, ಖಾರಪುಡಿಯ ಡಬ್ಬಿಗಳ ಕೆಳಗೆ ಹಾಸಿದ್ದೆಲ್ಲ ನಿಮ್ಮ ಕಂಪನಿಯ ಹ್ಯಾಂಡಬಿಲ್ಲುಗಳು! ನೀನು ಪ್ರತಿಯೊಂದು ಕ್ಯಾಂಪಿನಿಂದ ಅವಳಿಗೆ ಕಳಿಸುತ್ತಿದ್ದೆಯಂತೆ. ಆರು ವರ್ಷ ನಾನು ಅದೇ ಅಡಿಗೆಮನೆಯಲ್ಲಿ ಉಂಡಿದ್ದೇನೆ. “ದಿನಾ ಡಬ್ಬಿ ಎತ್ತಿದಾಗ ಓದ್ತೀನ್ರಿ ನಾ. ನಿಮಗ ಒಮ್ಮಿನೂ ಕಾಣಲಿಲ್ಲ” ಎಂದಳು. ಭಾಗವ್ವ ನಮ್ಮ ಮದುವೆಯ ಮೂವತ್ತೊಂಬತ್ತು ವರ್ಷಗಳಲ್ಲಿ ನನ್ನನ್ನು ಆ ರೀತಿ ನೋಡಿದ್ದಿಲ್ಲ.

ನಿನ್ನೆಯಿಡೀ ಕುಳಿತು ಅವುಗಳನ್ನು ಇಸವಿಗೆ ಅನುಸಾರವಾಗಿ ಜೋಡಿಸಿದೆ. ಅರಿಸಿನದ ಕಲೆ, ಎಣ್ಣೆಯ ಜಿಡ್ಡು ಇದ್ದರೂ ಊರು, ತಾರೀಖು, ಪಾತ್ರ, ‘ಕು. ನಂದಾ ಬಿಳೂರ’ ಎಂಬ ಹೆಸರು, ಎಲ್ಲವೂ ಸ್ಪಷ್ಟವಾಗಿವೆ. ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡಿದ್ದೀ, ನನಗೆ ಗೊತ್ತಿರಲಿಲ್ಲ. ಎಪ್ಪತ್ತೆರಡು ತಿಂಗಳುಗಳಲ್ಲಿ ಐವತ್ತೆಂಟಕ್ಕೆ ಪುರಾವೆ ಸಿಕ್ಕಿತು. ದಿನಕ್ಕೆ ಎರಡು ಆಟ. ಅಮಾವಾಸ್ಯೆಗೆ ಮಾತ್ರ ಬಿಡುವು. ಒಂದು ವರ್ಷದಲ್ಲಿಯೇ ಏಳು ಊರು, ಹನ್ನೊಂದು ಪಾತ್ರ. ಹನ್ನೊಂದು ಪಾತ್ರಗಳ ಮಾತನ್ನು ಬಾಯಿಪಾಠ ಮಾಡಿದವಳಿಗೆ, ವರ್ಷವಿಡೀ ಒಂದೇ ಟಾಚಣದ ಟಿಪ್ಪಣಿ ನೋಡಿಕೊಂಡು ಪಾಠ ಮಾಡುವವರು ಕೆಲಸ ಏನ್ ಮಾಡೀರಿ ಎಂದು ಕೇಳುತ್ತಾರೆ! ಉಳಿದ ಹದಿನಾಲ್ಕು ತಿಂಗಳು ಕೊರೋನಾದವು. ತಂಬು ಮುಚ್ಚಿ ನೀನು ಇಲ್ಲಿಗೆ ಬಂದಿದ್ದೆ. ಮನೆಯಲ್ಲಿಯೇ ಇದ್ದಳು ಎಂಬುದು ಆ ಹದಿನಾಲ್ಕು ತಿಂಗಳಿಗೆ ಮಾತ್ರ ಸಲ್ಲುತ್ತದೆ. ಆದರೆ ಆಗಲೂ, ಉಸಿರಾಡಲಾರದೆ ಬಿದ್ದುಕೊಂಡಿದ್ದ ನನ್ನನ್ನು ಮಗ್ಗುಲು ಬದಲಿಸಿ, ಗಂಜಿ ಕುಡಿಸಿ, ಹಾಸಿಗೆ ಒಗೆದವಳು ನೀನು. ಏನೂ ಮಾಡಿರುವುದಿಲ್ಲ ಎಂದು ಆ ಹದಿನಾಲ್ಕು ತಿಂಗಳಿಗೂ ಬರೆಯುವಂತಿಲ್ಲ.

ಆದ್ದರಿಂದ ಪಂಡಿತನ ಕಾಗದಕ್ಕೆ ನಾನು ಸಹಿ ಮಾಡುವುದಿಲ್ಲ. ನಾನೇ ಒಂದು ಕರಡು ಬರೆದಿದ್ದೇನೆ: ಯಾವ ತಿಂಗಳು ಯಾವ ಊರು, ಯಾವ ನಾಟಕ, ಯಾವ ಪಾತ್ರ. ಜೊತೆಗೆ ಐವತ್ತೆಂಟು ತಿಂಗಳ ಹ್ಯಾಂಡಬಿಲ್ಲುಗಳ ಝೆರಾಕ್ಸ್ ಪ್ರತಿ. ಇದನ್ನು ನೋಡಿ ಆ ಶಾಲೆಯವರು ನಿನಗೆ ಬಾಗಿಲು ಮುಚ್ಚಲೂಬಹುದು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ. ಕಡೆಯ ತಾರೀಖು ಇಪ್ಪತ್ತೈದು. ನೌಕರಿ ನಿನ್ನದು, ಹಸಿವೂ ನಿನ್ನದು, ತೀರ್ಮಾನವೂ ನಿನ್ನದೇ. ಹಳೆಯ ಕಾಗದವೇ ಬೇಕೆಂದರೆ ಧರೆಪ್ಪ ಸಂತೋಷದಿಂದ ಸಹಿ ಮಾಡುತ್ತಾನೆ. ನಾನು ಅಡ್ಡ ಬರುವುದಿಲ್ಲ.

ಗುಡ್ಡಾಪುರದ ದಾನಮ್ಮದೇವಿ ನಿನ್ನ ಗಂಟಲನ್ನು ಕಾಯಲಿ. ತಣ್ಣೀರು ಕುಡಿಯಬೇಡ. ನಿಮ್ಮವ್ವ ಹಲಗೆಗಳಿಗೆ ಹಾಸಲು ಹೊಸ ಕಾಗದ ಕಳಿಸು ಎಂದಿದ್ದಾಳೆ.

ಇಂತು ನಿನ್ನ ಅಪ್ಪ,
ಶ್ರೀಶೈಲಪ್ಪ
ನಿವೃತ್ತ ಮುಖ್ಯಾಧ್ಯಾಪಕ

ತಾ.ಕ.: ಅಂಚೆ ತೆಗೆಯುವ ಹೊತ್ತಾಯಿತು, ಆದರೆ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ಇವತ್ತು ಬೆಳಿಗ್ಗೆ ಕರಡನ್ನು ಟೈಪು ಮಾಡಿಸಲು ಹೋದಾಗ, ಬುಧವಾರ ‘ಆ ಮಾತ ನಂದಲ್ರಿ’ ಅಂದದ್ದರ ಅರ್ಥವೇನು ಎಂದು ಪಂಡಿತನನ್ನು ಕೇಳಿದೆ. ಅವನು ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ, ೨೦೧೯ರಲ್ಲಿ ನಿನಗೆ ವರ ನೋಡಲು ನಾನು ಬರೆಯಿಸಿದ್ದ ಬಯೋಡಾಟಾ ತೋರಿಸಿದ. ನೀನು ಅದನ್ನು ನೋಡಿಲ್ಲ. ಮನೆಯಲ್ಲಿಯೇ ಇರುತ್ತಾಳೆ, ತಂದೆ ತಾಯಿಯ ಆಶ್ರಯದಲ್ಲಿದ್ದಾಳೆ, ಯಾವ ಉದ್ಯೋಗವನ್ನೂ ಮಾಡುವುದಿಲ್ಲ. ಅವನು ಅದನ್ನೇ ನಕಲು ಮಾಡಿದ್ದ. ಆ ವಾಕ್ಯ ನನ್ನದು, ನಂದಾ. ಅಂದು ನೀನು ಗದಗಿನ ಕ್ಯಾಂಪಿನಲ್ಲಿದ್ದೆ.

ಹೊಸ ಕಾಗದ ಸಿದ್ಧವಾಗಿದೆ. ಪ್ರಮಾಣ ಮಾಡಲು ನೀನೇ ಬರಬೇಕು, ಗುರುವಾರದೊಳಗೆ ಬಾ. ನಾನು ಸಹಿ ಮಾಡುವಲ್ಲಿ, ಅರ್ಜಿದಾರಳನ್ನು ಚೆನ್ನಾಗಿ ಬಲ್ಲೆ ಎಂಬ ಸಾಲು ಮೊದಲೇ ಅಚ್ಚಾಗಿದೆ. ಅದರ ಕೆಳಗೆ ಇನ್ನೂ ಸಹಿ ಮಾಡಿಲ್ಲ. ನೀನು ಬಂದು, ಮಾಡು ಎಂದರೆ ಮಾಡುತ್ತೇನೆ.